ಖಾಸಿಂ ಸಾಬರು ದನಿ ಕೊಟ್ಟ ಬಾಟಲಿ

ಸಾವಿನ ಸುದ್ದಿ ಹೊತ್ತು ಯಾರೇ ಬಂದರೂ ಖಾಸಿಂ ಸಾಬರು ಕೂಡಲೇ ಮೈಕಿಗೆ ಕೈ ಹಾಕುತ್ತಿರಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ಆ ಮನೆಗೆ ನಡೆದುಕೊಂಡು ಹೋಗಿ, ಪಡಸಾಲೆಯಲ್ಲಿ ಮಲಗಿಸಿದವರ ಪಾದ ಮುಟ್ಟಿ ನೋಡಿ ಬರುತ್ತಿದ್ದರು. ಲಗೇಜ್ ಆಟೋದ ಮೇಲಿನ ಎರಡು ಹಾರ್ನುಗಳಿಗೆ ವೈರು ಸಿಕ್ಕಿಸಿ ಊರಿಗೆ ಸಾರಲು ಹೊರಡುವುದು ಆಮೇಲೆ. ಅಳುತ್ತಿದ್ದ ಮನೆಯವರಿಗೆ ಇದು ಅವಮಾನವೆನಿಸುತ್ತಿತ್ತು. "ಇಂಥಾದ್ರಾಗೂ ನಾವು ಸುಳ್ಳು ಹೇಳ್ತೀವೇನ್ರಿ ಸಾಬ್ರೆ?" ಎಂದು ಕೇಳಿದರೆ, "ನೀವು ಹೇಳಂಗಿಲ್ರಿ. ಆದ್ರ ಊರಿಗೆ ಹೇಳೋನು ನಾನಲ್ಲೇನ್ರಿ? ನಾ ನೋಡಿರಬೇಕು," ಎನ್ನುತ್ತಿದ್ದರು.

ಈ ಪದ್ಧತಿಗೆ ಕಾರಣ ಗುರುಬಸಪ್ಪಜ್ಜ. ಅಜ್ಜ ತೀರಿಕೊಂಡನೆಂದು ಅವನ ಅಳಿಯ ಬಂದು ಹೇಳಿದ ದಿನ ಸಾಬರು ನಂಬಿ ಇಡೀ ಹಗರಿಬೊಮ್ಮನಹಳ್ಳಿಗೆ ಸಾರಿಬಿಟ್ಟರು. ಕೊನೆಗೆ ಆಟೋ ಅಜ್ಜನ ಓಣಿಗೇ ಬಂದು ನಿಂತು "ಗುರುಬಸಪ್ಪನವರು ಲಿಂಗೈಕ್ಯರಾಗಿದ್ದಾರೆ" ಎಂದಾಗ ಅಜ್ಜ ಎದ್ದು ಕೂತು ನೀರು ಕೇಳಿದ. ಅದಾದ ಮೇಲೂ ಬಹಳ ವರ್ಷ ಗಟ್ಟಿಮುಟ್ಟಾಗಿ ಬದುಕಿದ. ದಾರಿಯಲ್ಲಿ ಕಂಡಾಗಲೆಲ್ಲ ಕೋಲೆತ್ತಿ, "ಲೇ ಖಾಸಿಂ, ಇವತ್ತೇನು ಸುದ್ದಿ? ನಾನು ಅದೀನೋ ಹೋಗೀನೋ?" ಎಂದು ಕೇಳುತ್ತಿದ್ದ. ಊರೆಲ್ಲ ನಕ್ಕಿತು. ಸಾಬರು ಮಾತ್ರ ನಗುತ್ತಿರಲಿಲ್ಲ. "ಅಜ್ಜ ಎದ್ದು ಕುಂತ ಅಂತ ಎಲ್ಲಾರೂ ನಗ್ತಾರ ಮೇಷ್ಟ್ರೆ. ಅವನ ಮಗಳು ಹಡಗಲಿಯಿಂದ ಎದಿ ಬಡಕೊಂತ ಬಸ್ಸಿನಾಗ ಬಂದ್ಳು. ಅದು ನನ್ನ ಬಾಯಿಂದ ಆಗಿದ್ದು," ಎಂದು ನನಗೊಮ್ಮೆ ಹೇಳಿದ್ದರು.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮ ಮನೆಗೂ ಅವರ ಮೈಕ್‌ಸೆಟ್ ಅಂಗಡಿಗೂ ನಡುವೆ ಒಂದು ಹಿಟ್ಟಿನ ಗಿರಣಿ. ಸಾಬರು ಸಣ್ಣ ಆಳು, ಬಿಳಿ ಪೈಜಾಮ, ಕಿವಿಯ ಮೇಲೆ ಯಾವಾಗಲೂ ಒಂದು ಟೆಸ್ಟರ್. ಎದುರಿಗೆ ಕೂತು ಮಾತಾಡಿದರೆ ಆ ದನಿಯಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಹಾರ್ನಿನಿಂದ ಹೊರಬಿದ್ದರೆ ಮಾತ್ರ ಒಲೆಯ ಮುಂದಿದ್ದ ಹೆಂಗಸರೂ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ಓಡುವ ಆಟೋದಿಂದ ಅವರು ಒಂದು ಮಾತನ್ನೂ ಹೇಳಿದವರಲ್ಲ. ಬೇವಿನ ಮರವೋ ಕಟ್ಟೆಯೋ ನೋಡಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ನಾಯಿ ಬೊಗಳುತ್ತಿದ್ದರೆ ಅದು ಸುಮ್ಮನಾಗುವವರೆಗೆ ಕಾದು, ಒಂದೇ ಮಾತನ್ನು ಮೂರು ಸಲ ಹೇಳುವುದು. "ಓಡೋ ಗಾಡಿಯಾಗ ಹೇಳಿದ್ದು ಒಬ್ಬನಿಗೆ ತಲಿ ಕೇಳಸ್ತೈತಿ, ಇನ್ನೊಬ್ಬನಿಗೆ ಬಾಲ. ಸತ್ತೋನ ಹೆಸರು ಒಂದು ಓಣಿಗೆ, ಮಣ್ಣಿನ ಟೈಮು ಇನ್ನೊಂದು ಓಣಿಗೆ." ಹರಪನಹಳ್ಳಿ ಕಡೆ ಹೋದರೆ ಅವರ 'ಐತಿ' ತಾನಾಗಿಯೇ 'ಐತೆ' ಆಗುತ್ತಿತ್ತು; ಕೂಡ್ಲಿಗಿಯ ದಾರಿ ಹಿಡಿದರೆ ಮತ್ತೆ 'ಐತಿ'. ಕೇಳುವವರ ಮನೆಯವರೇ ಮಾತಾಡಿದಂತಿರಬೇಕು ಎಂಬುದು ಅವರ ಲೆಕ್ಕ.

ಮೈಕನ್ನು ಅವರು ಎಲ್ಲರಿಗೂ ಬಾಡಿಗೆ ಕೊಡುತ್ತಿದ್ದರು. ಮದುವೆ, ವಾಲಿಬಾಲ್ ಟೂರ್ನಮೆಂಟು, ಎರಡೂ ಪಾರ್ಟಿಯ ಸಭೆ. ದನಿಯನ್ನು ಮಾತ್ರ ಎಲ್ಲರಿಗೂ ಕೊಡುತ್ತಿರಲಿಲ್ಲ. "ಹಾರ್ನು ಬಾಡಿಗಿಗೆ ಐತಿ, ತಗಂಡು ಹೋಗ್ರಿ. ಗಂಟಲು ಬಾಡಿಗಿಗೆ ಇಲ್ಲ," ಎಂದು ಲೀಡರುಗಳ ಮುಖಕ್ಕೇ ಹೇಳಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಸಾವು, ಕಳೆದುಹೋದ ಮಗು, ನಲ್ಲಿ ನೀರು ಬಿಡುವ ಹೊತ್ತು, ಪೋಲಿಯೊ ಹನಿ, ಕಣ್ಣಿನ ಕ್ಯಾಂಪು, ಇಷ್ಟಕ್ಕೇ ಅವರ ಗಂಟಲು. ಕೊರೊನಾ ಕಾಲದಲ್ಲಿ ಲಸಿಕೆ ಎಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಸಾಬರು ಓಣಿ ಓಣಿಯಲ್ಲಿ ನಿಂತು, "ನಾನು ಹಾಕಿಸ್ಕಂಡೀನಿ. ಎರಡು ದಿನ ಜ್ವರ ಬಂತು, ಮೈಕೈ ನೋತು, ಹೋತು. ನಿಮಗೂ ಬರತೈತಿ, ಹೋಗತೈತಿ. ಬರ್ರಿ," ಎಂದರು. ಜ್ವರದ ಮಾತು ತೆಗೆಯಿರಿ, ಜನ ಹೆದರುತ್ತಾರೆ ಎಂದು ಮೇಲಿನವರು ಹೇಳಿದರಂತೆ. ಇವರು ತೆಗೆಯಲಿಲ್ಲ. ಜ್ವರದ ಮಾತು ಇದ್ದದ್ದಕ್ಕೇ ಜನ ನಂಬಿ ಬಂದರು. ಸಾಬರ ಓಣಿಯವರೂ ಬಂದರು, ನಮ್ಮ ಮಠದ ಓಣಿಯವರೂ ಬಂದರು.

ಹೀಗೆ ಗಳಿಸಿದ್ದ ದನಿಯ ಮೇಲೆ ಒಂದು ಬಾಟಲಿ ಕಣ್ಣು ಹಾಕಿತು.

ಆ ಪಾನೀಯದ ಹೆಸರು ನಾನು ಬರೆಯುವುದಿಲ್ಲ. ಬೈದು ಬರೆದರೂ ಅದಕ್ಕೆ ಪ್ರಚಾರವೇ. ಹಸಿರು ಬಾಟಲಿ, ಎಲೆಯ ಚಿತ್ರ. ಬಸ್‌ಸ್ಟ್ಯಾಂಡಿನ ಎದುರು ಅದರ ದೊಡ್ಡ ಫಲಕ ಬಂತು: ಒಬ್ಬ ಸಿನಿಮಾ ನಟ ತೋಳು ಉಬ್ಬಿಸಿ ಬಾಟಲಿ ಎತ್ತಿ ಹಿಡಿದಿದ್ದ, ಪಕ್ಕದಲ್ಲಿ ಒಬ್ಬ ಕ್ರಿಕೆಟ್ ಆಟಗಾರ ಹಲ್ಲು ಕಿರಿದಿದ್ದ. ಕರಿ ಪಾನೀಯ, ಕಿತ್ತಳೆ ಪಾನೀಯಗಳೆಲ್ಲ ಕೆಟ್ಟವು, ಇದೊಂದು ಆರೋಗ್ಯ, ಸಕ್ಕರೆ ಸೇರಿಸಿಲ್ಲ, ದೇಹಕ್ಕೆ ತ್ರಾಣ ಎಂದು ದಪ್ಪ ಅಕ್ಷರ. ಅದೇ ನಟ ಹಿಂದಿನ ಬೇಸಿಗೆಯಲ್ಲಿ ಅದೇ ಕರಿ ಪಾನೀಯ ಹಿಡಿದು ಕುಣಿದಿದ್ದ. ಅದು ಯಾರಿಗೂ ನೆನಪಿರಲಿಲ್ಲ, ನನಗಿತ್ತು. ನೆನಪಿದ್ದೂ ನಾನು ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಫಲಕ ಪೇಟೆಯವರಿಗಾಯಿತು. ಹಳ್ಳಿಗಳಲ್ಲಿ ಬಾಟಲಿ ಅಷ್ಟಾಗಿ ಹೋಗಲಿಲ್ಲ. ವಿತರಕ ಜಾಣ. ಸೀದಾ ಸಾಬರ ಅಂಗಡಿಗೆ ಬಂದು, "ಹೀರೋನ ಮುಖ ಐತ್ರಿ ನಮ್ಮ ಕಡೆ. ಆದ್ರ ಈ ಐದು ತಾಲ್ಲೂಕಿನಾಗ ಅವನ ದನಿ ಯಾರ್ ಕೇಳ್ತಾರ? ನಿಮ್ಮ ದನಿ ಬೇಕು. ಪೋಲಿಯೊಕ್ಕೆ ಹೇಳ್ತೀರಲ್ಲ, ಹಂಗ," ಎಂದ. ಸಾಬರು ಮೂರು ಸಲ ಇಲ್ಲ ಎಂದರು. ನಾಲ್ಕನೆಯ ಸಲ ಅವನು, ಇದು ವ್ಯಾಪಾರವಲ್ಲ, ಬಿಸಿಲಿನಲ್ಲಿ ಮೆಕ್ಕೆಜೋಳ ಮುರಿಯುವ ಹೆಂಗಸರು ಬಣ್ಣದ ನೀರು ಕುಡಿದು ಹಾಳಾಗುವುದನ್ನು ತಪ್ಪಿಸುವ ಕೆಲಸ ಎಂದ. ಅಲ್ಲಿ ಸಾಬರು ಸ್ವಲ್ಪ ಸಡಿಲಾದರು. ಆ ನಟನ ಮುಖದ ಜೊತೆ ತನ್ನ ದನಿ ಎಂಬ ಹೆಮ್ಮೆಯೂ ಇದ್ದೀತು. ಇರಲಿ, ಮನುಷ್ಯರು.

ಆದರೂ ಅವರು ತಮ್ಮ ಪದ್ಧತಿ ಬಿಡಲಿಲ್ಲ. ಒಂದು ಬಾಟಲಿ ತಾವೇ ಕುಡಿದು ನೋಡಿದರು. ಇನ್ನೊಂದನ್ನು ಕವರಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ನಾನು ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತಿದ್ದೆ.

"ಮೇಷ್ಟ್ರೆ, ಎಲ್ಲಾ ಇಂಗ್ಲಿಷಿನಾಗ ಬರದಾರ. ಇದರಾಗ ಏನೈತಿ ಓದಿ ಹೇಳ್ರಿ."

ನಾನು ಕೆಂಪು ಪೆನ್ನು ಕೆಳಗಿಡಲಿಲ್ಲ. ಬಾಟಲಿಯ ಮುಂಭಾಗ ನೋಡಿದೆ. "ಸಕ್ಕರೆ ಸೇರಿಸಿಲ್ಲ ಅಂತ ಐತಿ. ಲವಣ ಐತಂತ, ವಿಟಮಿನ್ ಐತಂತ. ಚೊಲೊ ಐತ್ರಿ ಸಾಬ್ರೆ."

"ಹಿಂದ ಸಣ್ಣಕ್ಷರದಾಗ ಏನೋ ಬರದಾರಲ್ಲ?"

"ಅದೆಲ್ಲ ಕಂಪನಿ ಅಡ್ರೆಸ್ಸು."

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಹೇಳುತ್ತ ಬಂದವನು ನಾನು. ಆ ಸಂಜೆ ಒಂದು ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸುವಷ್ಟು ತಾಳ್ಮೆ ನನಗಿರಲಿಲ್ಲ. ಸಾಬರು ಚಹಾ ಕುಡಿದು ಎದ್ದು ಹೋದರು.

ಮುಂದಿನ ವಾರ ಐದೂ ತಾಲ್ಲೂಕಿನ ಬೇವಿನ ಮರಗಳ ಕೆಳಗೆ ಆ ಆಟೋ ನಿಂತಿತು. "ಬಿಸಿಲಾಗ ದುಡಿಯೋ ತಾಯಂದ್ರೆ, ಅಣ್ಣಂದ್ರೆ, ನಾನು ಹಗರಿಬೊಮ್ಮನಹಳ್ಳಿ ಖಾಸಿಂ ಸಾಬ ಮಾತಾಡಾಕತ್ತೀನಿ. ಇದರಾಗ ಸಕ್ಕರಿ ಹಾಕಿಲ್ಲ, ತ್ರಾಣ ಬರತೈತಿ. ನಾನು ಕುಡದು ನೋಡೀನಿ. ಓದಿದವರ ಕಡೆ ಓದಿಸಿ ನೋಡೀನಿ." ನಮ್ಮ ಓಣಿಯಲ್ಲಿ ಅದು ಕೇಳಿದಾಗ ನನ್ನ ಹೆಂಡತಿ, "ಓದಿದವರು ಅಂದ್ರ ನೀವೇ ಅಲ್ಲ?" ಎಂದು ನಕ್ಕಳು. ನನಗೂ ಒಳಗೊಳಗೆ ಖುಷಿಯಾಯಿತು. ವಿತರಕ ಆ ಮಾತನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡು ಇನ್ನೂ ಮೂರು ಆಟೋಗಳಲ್ಲಿ ತಿರುಗಿಸಿದ.

ಇಲ್ಲಿ ಒಂದು ತಪ್ಪು ನಡೆಯಿತು. ಅದು ಈ ಐದು ತಾಲ್ಲೂಕಿನಲ್ಲಿ ಮಾತ್ರ ನಡೆಯಬಹುದಾದ ತಪ್ಪು. ಆ ದನಿ ಅಲ್ಲಿಯವರೆಗೆ ಪೋಲಿಯೊ ಹನಿ, ಲಸಿಕೆ ಬಿಟ್ಟು ಬೇರೇನನ್ನೂ ಕುಡಿಸಿರಲಿಲ್ಲ, ಚುಚ್ಚಿಸಿರಲಿಲ್ಲ. ಹಾಗಾಗಿ ಜನ ಬಾಟಲಿಯನ್ನು ಸರ್ಕಾರದ ಔಷಧಿಯೆಂದೇ ತಿಳಿದರು. ಹೊಸಹಳ್ಳಿ ಹೋಬಳಿಯ ಹೆಂಗಸರು ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ, "ಖಾಸಿಂ ಸಾಬ್ರು ಹೇಳಿದ ಬಾಟ್ಲಿ ನಿಮ್ಮತ್ರ ಬಂದೈತೇನ್ರಿ?" ಎಂದು ಕೇಳಿದರು. ಶುಗರ್ ಇದ್ದ ಮುದುಕರು ಊಟಕ್ಕೆ ಮುಂಚೆ ಒಂದು ಲೋಟ, ಊಟವಾದ ಮೇಲೆ ಒಂದು ಲೋಟ ಕುಡಿದರು. ಅದೇ ಹೋಬಳಿಯ ಒಂದು ಹಳ್ಳಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿಗೆ ವಾಂತಿಭೇದಿಯಾಯಿತು. ಆಶಾ ಕೊಟ್ಟಿದ್ದ ಉಪ್ಪುಸಕ್ಕರೆಯ ಪುಡಿಯ ಪೊಟ್ಟಣ ಮನೆಯಲ್ಲೇ ಇತ್ತು. ಅದನ್ನು ಬದಿಗಿಟ್ಟು ತಾಯಿ ಎರಡು ದಿನ ಈ ಬಾಟಲಿಯನ್ನೇ ಕುಡಿಸಿದಳು. ಭೇದಿ ಹೆಚ್ಚಾಯಿತು. ಮೂರನೆಯ ದಿನ ಮಗು ಕಣ್ಣು ತೆರೆಯಲಿಲ್ಲ.

ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮಗು ಉಳಿಯಿತು. ಸುದ್ದಿ ಕೇಳಿ ಓಡಿದ ಸಾಬರು ವಾರ್ಡಿನ ಹೊರಗೆ ಎರಡು ದಿನ ಕೂತಿದ್ದರು. ಆ ತಾಯಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಸಾಬರು ನನಗೆ ಹೇಳಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನೀವ್ಯಾಕ ಅಳ್ತೀರಿ ಸಾಬ್ರೆ. ನೀವು ಚೊಲೊದ ಹೇಳೀರಿ, ನಾನ ಕಮ್ಮಿ ಕುಡಿಸಿದೆ ಕಾಣ್ತೈತಿ," ಎಂದಳಂತೆ.

ಕೂಡ್ಲಿಗಿಯಿಂದ ಅವರು ಸೀದಾ ನಮ್ಮ ಮನೆಗೆ ಬಂದರು. ಅದೇ ಬಾಟಲಿ. ನನ್ನ ಮುಂದೆ ಮೇಜಿನ ಮೇಲೆ ಮುಖ ಆ ಕಡೆ ಮಾಡಿ ಇಟ್ಟರು.

"ಈಗ ಹಿಂದಿಂದು ಓದ್ರಿ ಮೇಷ್ಟ್ರೆ."

ಕನ್ನಡಕ ಹಾಕಿಕೊಂಡೆ. ಅಕ್ಷರಗಳು ಸಾಸಿವೆಗಿಂತ ಸಣ್ಣವು. ಹಣ್ಣಿನ ರಸದ ಪಾಕದಿಂದ ಬಂದ ಸಕ್ಕರೆ ಇದೆ, ಅದು ಕಡಿಮೆಯೇನೂ ಇಲ್ಲ. ಇದು ಔಷಧಿಯಲ್ಲ. ಭೇದಿಯಾದಾಗ ಕೊಡಬಾರದು. ಚಿಕ್ಕ ಮಕ್ಕಳಿಗೆ ಅಲ್ಲ. ಶುಗರ್ ಇರುವವರು ಡಾಕ್ಟರನ್ನು ಕೇಳಬೇಕು. ಎಲ್ಲವನ್ನೂ ಬರೆದಿದ್ದರು. ಮುಚ್ಚಿಟ್ಟಿರಲಿಲ್ಲ. ನಟನ ತೋಳಿನಷ್ಟು ಜಾಗ ಅದಕ್ಕೆ ಕೊಟ್ಟಿರಲಿಲ್ಲ, ಅಷ್ಟೆ. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ಅವರು ಸತ್ತವರ ಹೆಸರು ಬರೆದುಕೊಳ್ಳುತ್ತಿದ್ದ ಪುಸ್ತಕದಲ್ಲಿ ಬರೆದುಕೊಂಡರು. ಎರಡನೆಯ ಸಲ ಓದಿಸಿದರು, ತಾಳೆ ನೋಡಿದರು. ಎದ್ದು ನಿಂತ ಮೇಲೆ ಒಂದೇ ಮಾತು ಹೇಳಿದರು. ಗಟ್ಟಿಯಾಗಿಯೂ ಅಲ್ಲ.

"ನಾನು ಸತ್ತವರನ್ನ ಮುಟ್ಟಿ ನೋಡ್ತೀನಿ ಮೇಷ್ಟ್ರೆ. ನಿಮಗ ಒಂದು ಬಾಟ್ಲಿ ತಿರುವಿ ನೋಡಾಕ ಆಗಲಿಲ್ಲ."

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಸಾಬರು ವಿತರಕನ ಹತ್ತಿರ ಹೋಗಿ ಕಾರ್ಡುಗಳನ್ನು ವಾಪಸು ಕೊಡು ಎಂದರು. ಅವನು ನಕ್ಕ. "ಅಷ್ಟು ದೊಡ್ಡ ಹೀರೋ ಸುಮ್ನದಾನ, ನಿಮಗ್ಯಾಕ್ರಿ ಇಷ್ಟು? ಅವನ್ನ ಹೋಗಿ ಕೇಳ್ರಿ." ನಟನನ್ನು ಎಲ್ಲಿ ಹೋಗಿ ಕೇಳುವುದು? ಸಾಬರು ತಮ್ಮ ಆಟೋ ತೆಗೆದರು. ಎಲ್ಲೆಲ್ಲಿ ಹೇಳಿದ್ದರೋ ಅಲ್ಲಲ್ಲಿ, ಅದದೇ ಮರದ ಕೆಳಗೆ ಎಂಜಿನ್ ಆರಿಸಿ ನಿಂತು ಮೂರು ಮೂರು ಸಲ ಹೇಳತೊಡಗಿದರು. "ನಾನು ಖಾಸಿಂ ಸಾಬ. ಆ ಬಾಟ್ಲಿ ಬಗ್ಗೆ ನಾನು ಹೇಳಿದ್ದು ತಪ್ಪು. ಅದು ಔಷಧಿ ಅಲ್ಲ. ಮಕ್ಕಳಿಗೆ ಕುಡಿಸಬ್ಯಾಡ್ರಿ, ಶುಗರ್ ಇದ್ದವ್ರು ಕುಡೀಬ್ಯಾಡ್ರಿ. ನಾನು ಸರಿಯಾಗಿ ನೋಡಲಿಲ್ಲ. ನನ್ನ ತಪ್ಪು, ಕ್ಷಮಾ ಮಾಡ್ರಿ." ಓದಿದವರ ಸುದ್ದಿಯನ್ನು ಅವರು ಎತ್ತಲೇ ಇಲ್ಲ.

ಜನ ಕೇಳಿದರು, ನಂಬಲಿಲ್ಲ. ಔಷಧಿ ಒಳ್ಳೆಯದು ಎಂದು ಹೇಳಿದವರು ಒಂದು ದಿನ ಬಂದು ಅದು ಕೆಟ್ಟದ್ದು ಎನ್ನುವುದನ್ನು ಈ ಕಡೆ ಯಾರೂ ಕಂಡಿರಲಿಲ್ಲ. ಕೊಟ್ಟೂರಿನ ಒಂದು ಅಂಗಡಿಯ ಮುಂದೆ ನಾಲ್ಕು ಜನ ಕೂತು, "ಬ್ಯಾರೆ ಕಂಪನಿಯವ್ರು ಸಾಬ್ರನ್ನ ಹಿಡದಾರ ಬಿಡು," ಎಂದು ತೀರ್ಮಾನ ಮಾಡಿದರು. ಹಡಗಲಿಯಲ್ಲಿ ಒಬ್ಬಳು ಅಜ್ಜಿ ಬಂದು, ಹೀರೋ ಟಿವಿಯಲ್ಲಿ ಇನ್ನೂ ಕುಡಿಯುತ್ತಲೇ ಇದ್ದಾನಲ್ಲ, ಅವನಿಗೆ ಏನೂ ಆಗಿಲ್ಲವಲ್ಲ ಎಂದು ಕೇಳಿದಳು. 

ಒಂದು ಭಾನುವಾರ ನಾನೂ ಅವರ ಜೊತೆ ಹರಪನಹಳ್ಳಿಗೆ ಹೋದೆ. ದಿನಾ ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ, "ನಾನು ಖಾಸಿಂ ಸಾಬ," ಎಂದು ಅವರು ಶುರುಮಾಡಿದರು. ಅಷ್ಟರಲ್ಲಿ ರಸ್ತೆಯ ಆಚೆ ಕಡೆಯಿಂದ ಇನ್ನೊಂದು ಆಟೋ ಬಂತು. ಅದರ ಹಾರ್ನಿನಲ್ಲಿಯೂ ಖಾಸಿಂ ಸಾಬರೇ. "ನಾನು ಕುಡದು ನೋಡೀನಿ. ಓದಿಸಿ ನೋಡೀನಿ." ಆ ದನಿ ತಿಳಿಯಾಗಿತ್ತು, ಗಟ್ಟಿಯಾಗಿತ್ತು. ನಮ್ಮ ಹಾರ್ನಿನಿಂದ ಬರುತ್ತಿದ್ದದ್ದು ಒಡೆದ ದನಿ. ಜನ ಎರಡೂ ಕಡೆ ತಿರುಗಿ ತಿರುಗಿ ನೋಡಿದರು. ಬಾಳೆಹಣ್ಣಿನ ಗಾಡಿಯವನೊಬ್ಬ ಆಚೆಯ ಆಟೋದ ಕಡೆ ಕೈ ಮಾಡಿ, "ಖಾಸಿಂ ಸಾಬ್ರು ಅಲ್ಲಿ ಅದಾರೆ ನೋಡ್ರಿ. ಇವನ್ಯಾವನೋ ಮಿಮಿಕ್ರಿ ಮಾಡ್ತಾ ಅದಾನೆ," ಎಂದ. ಸುತ್ತ ನಿಂತವರು ನಕ್ಕರು. ಸಾಬರು ಮೈಕು ಹಿಡಿದೇ ನಿಂತಿದ್ದರು. "ನಾನ ರೀ. ನಾನ ಖಾಸಿಂ ಸಾಬ," ಎಂದರು. ಅದಕ್ಕೆ ನಗು ಇನ್ನಷ್ಟು ಹೆಚ್ಚಾಯಿತು.

ಆಗ ನಾನು ಮೈಕು ತೆಗೆದುಕೊಳ್ಳಬಹುದಿತ್ತು. ಓದಿದವನು ನಾನೇ, ತಪ್ಪು ನನ್ನದು ಎಂದು ಎರಡು ಮಾತು ಹೇಳಬಹುದಿತ್ತು. ಹರಪನಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ನೆಂಟರಿದ್ದಾರೆ. ನಾನು ಆಟೋದಿಂದ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸಪ್ಪ ಬಂದು ಮೈಕಿಗೆ ಪರ್ಮಿಷನ್ ತೋರಿಸಿ ಎಂದ. ಸತ್ತ ಸುದ್ದಿಗೆ, ಲಸಿಕೆಗೆ ಸಾಬರನ್ನು ಯಾರೂ ಕೇಳಿದ್ದಿಲ್ಲ, ಕಾಗದ ಇರಲಿಲ್ಲ. ಆಚೆಯ ಆಟೋದವನ ಹತ್ತಿರ ಇತ್ತು. ಸಾಬರು ತಾವೇ ಮೇಲೆ ಹತ್ತಿ ಹಾರ್ನು ಬಿಚ್ಚಿದರು.

ಮಳೆಗಾಲ ಬಂತು, ಫಲಕ ಬದಲಾಯಿತು. ಅದೇ ನಟ ಈಗ ಬೇರೆ ಬಾಟಲಿ ಹಿಡಿದಿದ್ದಾನೆ. ಇದರಲ್ಲಿ ಬೇರಿನ ಸಾರ, ತುಳಸಿ ಇದೆಯಂತೆ. ಹಳೆಯದರ ಬಗ್ಗೆ ಅವನು ಒಂದು ಮಾತು ಆಡಿದ್ದು ನಾನಂತೂ ಕೇಳಿಲ್ಲ. ಬಿಸಿಲಿನಲ್ಲಿ ನಿಂತು ತಪ್ಪಾಯಿತು ಎಂದವರು ಖಾಸಿಂ ಸಾಬರೊಬ್ಬರೇ. ಅವರ ಹೆಸರು ಯಾವ ಫಲಕದಲ್ಲಿಯೂ ಇರಲಿಲ್ಲ. ಅವರು ಆಮೇಲೆ ಸಾವಿನ ಸುದ್ದಿಯನ್ನೂ ಹೇಳುವುದು ಬಿಟ್ಟರು. ಯಾರಾದರೂ ಬಂದರೆ ಹಾರ್ನು ಕೊಟ್ಟು, "ಯಾರರ ಬ್ಯಾರೆಯವ್ರು ಹೇಳ್ರಿ," ಎಂದು ಒಳಗೆ ಹೋಗುತ್ತಿದ್ದರು.

ದಸರಾ ರಜೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಹೊಸಪೇಟೆಯ ಆಸ್ಪತ್ರೆಯಿಂದ ಮನೆಗೆ ತಂದ ಎಂಟನೆಯ ದಿನಕ್ಕೆ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದರ ಹಿಂದಿನ ದಿನ.

ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿಸಿದ್ದರು. ಅವರ ಹೆಂಡತಿ ಮಾಬೂಬಿ ನನಗೆ ಸ್ಟೂಲು ಹಾಕಿದರು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಬ್ರೆಡ್ಡು, ಎಳನೀರು, ಮೂಸಂಬಿ ಏನಾದರೂ ಒಯ್ಯುತ್ತಾರೆ. ಮಂಚದ ಕೆಳಗೆ ನೋಡಿದೆ. ಗೋಡೆಯುದ್ದಕ್ಕೂ ಹಸಿರು ಬಾಟಲಿಗಳು.

"ಬಂದವ್ರೆಲ್ಲ ಅದನ್ನ ತರ್ತಾರ್ರಿ ಸರ," ಎಂದರು ಮಾಬೂಬಿ. "ಕೂಡ್ಲಿಗಿಯಿಂದ ಬಂದಿದ್ರು, ಹಡಗಲಿಯಿಂದ ಬಂದಿದ್ರು. ಪ್ರೀತಿಯಿಂದ ತಂದಿದ್ದನ್ನ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲ. ಅವ್ರು ಹೋದ ಮ್ಯಾಗ ಕೆಳಗ ಸರಿಸಿ ಇಡ್ತೀನಿ."

ಸಾಬರ ಕಣ್ಣು ಸೂರಿನ ಕಡೆಗಿತ್ತು. ನಾನು ಅವರ ಎಡಗೈ ಹಿಡಿದುಕೊಂಡೆ. ತಪ್ಪೊಪ್ಪಿಕೊಳ್ಳುವ ಮಾತನ್ನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ತಂಬ್ರಹಳ್ಳಿಯ ಮುದುಕನೊಬ್ಬ ಬಂದ. ಕೈಚೀಲದಲ್ಲಿ ಎರಡು ಬಾಟಲಿ. ನೆಲದ ಮೇಲೆ ಕೂತು ಸಾಬರ ಕಾಲು ಒತ್ತಿದ, ಕಣ್ಣೀರು ಹಾಕಿದ. ಅವನ ಮೊಮ್ಮಗಳು ಜಾತ್ರೆಯಲ್ಲಿ ಕಳೆದುಹೋದಾಗ ಸಾಬರು ಊರೂರು ಕೂಗಿ ಹುಡುಕಿಕೊಟ್ಟಿದ್ದರಂತೆ. ಆಮೇಲೆ ಒಂದು ಬಾಟಲಿಯ ಮುಚ್ಚಳ ತಿರುವಿದ.

"ಅಜ್ಜಾ, ಅದು ಬ್ಯಾಡ," ಎಂದೆ. ಇಷ್ಟು ದಿನದ ಮೇಲೆ ನಾನು ಬಾಯಿ ಬಿಟ್ಟೆ. "ಅದರಾಗ ಸಕ್ಕರಿ ಐತಿ. ಕಾಯಿಲೆಯವ್ರಿಗೆ ಕೊಡಬಾರದು. ನಾನು ಓದೀನಿ."

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವ್ಯಾರು ನನಗ ಗೊತ್ತಿಲ್ರಿ. ಸಾಬ್ರು ಹೇಳ್ಯಾರ. ಅವ್ರು ಕುಡದು ನೋಡ್ಯಾರ, ಓದಿಸಿ ನೋಡ್ಯಾರ. ಅವ್ರು ಯಾವತ್ತರ ಸುಳ್ಳು ಹೇಳ್ಯಾರೇನು?"

ಸಾಬರು ನನ್ನ ಕಡೆ ತಿರುಗಿದರು. ಗಂಟಲಿನಲ್ಲಿ ಏನೋ ಅಲುಗಿತು, ದನಿಯಾಗಲಿಲ್ಲ. ಮುದುಕ ಅವರ ತಲೆಯ ಹಿಂದೆ ಕೈ ಕೊಟ್ಟು ಎತ್ತಿ, ಬಾಟಲಿಯನ್ನು ತುಟಿಗೆ ಹಿಡಿದ. "ಕುಡೀರಿ ಸಾಬ್ರೆ. ತ್ರಾಣ ಬರತೈತಿ. ಮತ್ತ ಮೈಕ್ ಹಿಡೀರಂತ."

ಸಾಬರು ಅವನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಾಯಿ ತೆರೆದು ಒಂದು ಗುಟುಕು ನುಂಗಿದರು. ಮುದುಕ ಅವರ ತುಟಿಯನ್ನು ತನ್ನ ಟವಲಿನಿಂದ ಒರೆಸಿದ.